ಗೇರ್‌ಬಾಕ್ಸಿಗೆ ಹಚ್ಚಿದ ಅರಿಶಿನ

ಬಂಗಾರಪೇಟೆ
೧೧-೭-೨೦೨೪, ಗುರುವಾರ

ಸಹನಳ ಅಪ್ಪನಿಗೆ ಅಂಬಿಕಳ ನಮಸ್ಕಾರಗಳು.

ಆ ಕಲ್ಲಿದ್ದಲು ಗಣಿಯ ಧೂಳಿನಲ್ಲಿ ನಿಮ್ಮ ಕೆಮ್ಮು ಹೇಗಿದೆ? ಕಷಾಯದ ಪುಡಿ ಮುಗಿಯಿತೋ, ಹಾಗೇ ಇಟ್ಟಿದ್ದೀರೋ? ನಾವು ಮೂವರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ಹೇಳೋಣವೆಂದರೆ ಮಾವ ಪಕ್ಕದಲ್ಲೇ ಕೂತಿರುತ್ತಾರೆ. ಅದಕ್ಕೇ ರಜೆ ಮುಗಿಸಿ ಹೊರಟ ನಿಮ್ಮ ಜೊತೆಗಾರ ನಂದಕುಮಾರ್ ಕೈಲಿ ಈ ಕಾಗದ ಕೊಟ್ಟಿದ್ದೇನೆ. ಎರಡು ಸಲ ಗೋಂದು ಹಚ್ಚಿದ್ದೇನೆ, ಕಿತ್ತಿದ್ದರೆ ತಿಳಿಸಿ.

ನಮ್ಮ ಆಟೋಮ್ಯಾಟಿಕ್ ಕಾರು ಕೆಟ್ಟಿತ್ತು. ಬೆಳಿಗ್ಗೆ ಗೇರ್ 'ಡಿ'ಗೆ ಹಾಕಿದರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಧಡಕ್ಕನೆ ಒದೆಯುತ್ತಿತ್ತು. ಏರಿನಲ್ಲಿ ಇಂಜಿನ್ ಕೂಗುವುದೇ ಹೊರತು ಗಾಡಿ ಎಳೆಯುತ್ತಿರಲಿಲ್ಲ. ಮಾವ ಸಹನಳನ್ನು ರಾಬರ್ಟ್‌ಸನ್‌ಪೇಟೆಯ ಸ್ಕೂಲಿಗೆ ಬಿಡುವುದು ಅದರಲ್ಲೇ ಅಲ್ಲವೇ, ನನಗೆ ಅನ್ನ ಇಳಿಯಲಿಲ್ಲ. ಆಂಡರ್ಸನ್‌ಪೇಟೆಯ ಮೆಕ್ಯಾನಿಕ್ ಆಂಜಿನಪ್ಪ ಓಡಿಸಿ ನೋಡಿ, ಗೇರ್ ಆಯಿಲ್ ಮೂಸಿ, "ಸೀದೋಗೈತೆ ಅಕ್ಕಾ, ಬಿಚ್ಚಬೇಕು" ಅಂದ. ಬಿಚ್ಚದೆಯೇ ಬಿಚ್ಚಿದೆ ಅನ್ನುವವರ ಕಥೆ ಎಷ್ಟು ಕೇಳಿಲ್ಲ! ಅವನು ಟೀಗೆ ಹೋದಾಗ, ಎತ್ತಿ ನಿಲ್ಲಿಸಿದ್ದ ಗಾಡಿಯ ಅಡಿಗೆ ಕೈ ತೂರಿಸಿ ಗೇರ್‌ಬಾಕ್ಸಿನ ಬೋಲ್ಟುಗಳಿಗೆ ಅರಿಶಿನ ಹಚ್ಚಿ ಬಂದೆ. ಮುಟ್ಟಿದರೆ ಗೊತ್ತಾಗಲಿ ಅಂತ.

ಮಾರನೆಯ ದಿನ ಹೋದರೆ, "ಏನಕ್ಕಾ, ಆಯುಧಪೂಜೆ ಇನ್ನೂ ದೂರ ಐತಲ್ಲಾ, ಈಗಲೇ ಅರಿಶಿನ ಇಕ್ಕಿದ್ದೀಯಾ?" ಎಂದು ನಕ್ಕುಬಿಟ್ಟ. ನಾಚಿಕೆಯಾಯಿತು. ಬಿಚ್ಚಿಟ್ಟ ಕ್ಲಚ್ ಪ್ಲೇಟುಗಳು ಸೀದ ರೊಟ್ಟಿಯಂತಿದ್ದವು. "ಇಳಿಜಾರಲ್ಲಿ ಯಾರೋ ನ್ಯೂಟ್ರಲ್ ಮಾಡಿ ಬಿಡ್ತಾವ್ರೆ, ಓಡ್ತಿದ್ದಂಗೇ ಮತ್ತೆ ಡಿಗೆ ತಳ್ತಾವ್ರೆ. ಇಂಗಾದ್ರೆ ಒಸ ಪ್ಲೇಟೂ ಉಳಿಯಲ್ಲ" ಅಂದ. ನಮ್ಮ ಮೇಲೇ ಹಾಕುತ್ತಿದ್ದಾನಲ್ಲಾ, ಭಲೇ ಕಿಲಾಡಿ ಎಂದುಕೊಂಡೆ.

ಸೋಮವಾರ ರಿಪೇರಿಯಾಗಿ ಬಂದ ಕಾರಿನಲ್ಲಿ ನಾನೂ ಸಹನಳ ಜೊತೆ ಹಿಂದೆ ಕೂತೆ. ಊರಿಗಾಂ ಹತ್ತಿರ ಇಳಿಜಾರು ಬಂದದ್ದೇ ಮಾವನ ಕೈ ತಾನಾಗಿ ನ್ಯೂಟ್ರಲ್‌ಗೆ ಹೋಯಿತು. ಹಾಲಿನ ಲಾರಿ ಓಡಿಸಿದ ಕಾಲದ ಅಭ್ಯಾಸ. ಯಾಕೆ ಮಾವ ಎಂದರೆ, "ಪೆಟ್ರೋಲ್ ಉಳೀತದೆ, ನಿಂಗೇನ್ ಗೊತ್ತು ಸುಮ್ಕಿರಮ್ಮ" ಎಂದರು. ಅಷ್ಟರಲ್ಲಿ ಮುಂದಿದ್ದ ಆಟೋ ನಿಂತಿತು. ಬ್ರೇಕ್ ಒತ್ತಿದ ರಭಸಕ್ಕೆ ಸಹನಳ ಹಣೆ ಮುಂದಿನ ಸೀಟಿಗೆ ಬಡಿಯಿತು. ಊತ ಇಳಿದಿದೆ, ಗಾಬರಿ ಬೇಡ. ಗಾಡಿ ಮತ್ತೆ ಆಂಜಿನಪ್ಪನ ಶೆಡ್ಡಿಗೆ ಹೋಗಿದೆ. ಸಹನ ಬಸ್ಸಿನಲ್ಲಿ ಹೋಗುತ್ತಿದ್ದಾಳೆ.

ಬಿಸಿನೀರನ್ನೇ ಕುಡಿಯಿರಿ. ಮಾವನ ಆಶೀರ್ವಾದ, ಮಗಳ ಮುತ್ತು.

ಇಂತಿ,
ಅಂಬಿಕ

ತಾ.ಕ.: ಗಾಡಿಗೆ ಏನೂ ಆಗಿಲ್ಲ. ಮಗಳು ಮತ್ತೆ ಅದರಲ್ಲಿ ಕೂರುವುದು ಬೇಡವೆಂದು, ಸದ್ದು ಬರುತ್ತಿದೆಯೆಂದು ಸುಳ್ಳು ಹೇಳಿ ನಾನೇ ಕಳಿಸಿದೆ. ಮಾವ, "ಆ ಕಳ್ಳ ಒಸ ಸಾಮಾನೆಲ್ಲ ತೆಗೆದಿಟ್ಕೊಂಡವ್ನೆ" ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ. ಭಾನುವಾರ ನಾಲ್ಕು ಜನರನ್ನು ಕಟ್ಟಿಕೊಂಡು ಜಗಳಕ್ಕೆ ಹೋಗುತ್ತಾರಂತೆ. ಶನಿವಾರವೇ ಫೋನ್ ಮಾಡಿ ಅವರಿಂದ ಸ್ಟೇರಿಂಗ್ ಬಿಡಿಸಿ. ಸೊಸೆ ಹೇಗೆ ಕೀ ಕೇಳಲಿ? ಆಂಜಿನಪ್ಪನಿಗೆ ನಿಜ ಹೇಳಿಯೇ ಗಾಡಿ ಬಿಟ್ಟಿದ್ದೆ; ಅಷ್ಟು ಬೈಸಿಕೊಂಡರೂ ಅವನು ನನ್ನ ಹೆಸರು ಎತ್ತಿಲ್ಲ.