ನಮ್ಮ ವಾಡಿಗೊಂದು ಹೋತ ಬಿಡಿ

ಆಡು ತಳಿ ಸುಧಾರಣೆಯ ಅಧಿಕಾರಿಗಳೇ,

ನಮ್ಮ ವಾಡಿಯ ಆಡುಗಳು ಯಾವಾಗ ಬೆದೆಗೆ ಬರುತ್ತವೆಂದು ಈಗ ಯಾರಿಗೂ ತಿಳಿಯುತ್ತಿಲ್ಲ. ತಿಳಿಸುತ್ತಿದ್ದ ಒಂದೇ ಒಂದು ಹೋತದ ಬೀಜವನ್ನು ನೀವು ಒಡೆಸಿದಿರಿ.

ಕೃತಕ ಗರ್ಭಧಾರಣೆ ಬೇಡ ಎನ್ನಲು ಬರೆಯುತ್ತಿಲ್ಲ. ಮೊದಲ ವರ್ಷ ನಿಮ್ಮ ನಳಿಕೆಯಿಂದ ಹುಟ್ಟಿದ ಮರಿಗಳು ಗಟ್ಟಿಮುಟ್ಟಾಗಿದ್ದವು; ನಮ್ಮ ಸುತ್ತಲ ಮಾಣದೇಶದ ಜನವೆಲ್ಲ ಬಂದು ನೋಡಿ ಹೋದರು. ಆಗ ಊರಲ್ಲಿ ಹೋತವೂ ಇತ್ತು. ನನ್ನ ಗಂಡ ಭಿವಾ ಸಾಕಿದ್ದು. ಕೂಡಿಸಲು ಆಡು ತಂದವರು ಅದಕ್ಕೊಂದು ಹಿಡಿ ಕಡಲೆ ಹಾಕಬೇಕು, ಬೇರೇನೂ ಕೊಡಬಾರದು ಎಂಬುದು ನಮ್ಮಲ್ಲಿ ನಡೆದುಬಂದದ್ದು. ನಿಮ್ಮ ಯೋಜನೆ ಬಂದ ಮೇಲೆ ಭಿವಾ ಅದರ ಹೊಟ್ಟೆಯ ಕೆಳಗೆ ದಪ್ಪ ಬಟ್ಟೆ ಕಟ್ಟಿ ಬಿಡುತ್ತಿದ್ದರು. ಹತ್ತಿದರೂ ಕೂಡಲಾಗದು. ಯಾವ ಆಡಿನ ಬೆನ್ನು ಬಿಡುವುದಿಲ್ಲವೋ ಅದಕ್ಕೆ ಅಂದೇ ನಳಿಕೆ. ಮರುವರ್ಷ ನಿಮ್ಮ ಆದೇಶ ಬಂತು: ಕಳಪೆ ಹೋತಗಳ ಬೀಜ ಒಡೆಸದ ಊರಿಗೆ ಯೋಜನೆ ಇಲ್ಲ. ಬೀಜ ಒಡೆಸಿಕೊಂಡ ನಮ್ಮ ಹೋತ ಈಗ ಕೊಬ್ಬಿ ಕೂತಿದೆ. ನಾತವೂ ಇಲ್ಲ, ಆಸೆಯೂ ಇಲ್ಲ. ಮಾನ್ಯರೇ, ಹೋತದ ವಾಸನೆ ಇಲ್ಲದೆ ಬಹಳಷ್ಟು ಆಡುಗಳು ಬಾಲವನ್ನೂ ಆಡಿಸುವುದಿಲ್ಲ. ನಿಮಗಿದು ಗೊತ್ತಿರಲಿಲ್ಲವೇ? ಆಡುಗಳೇ ಅರ್ಜಿ ಬರೆದು ತಿಳಿಸಬೇಕಿತ್ತೇ?

ಶ್ರಾವಣದಲ್ಲಿ ಭಿವಾ ತೀರಿಕೊಂಡರು. ಅವರ ಬಟ್ಟೆಗಳನ್ನೆಲ್ಲ ಒಗೆದು ಕೊಟ್ಟುಬಿಟ್ಟೆವು. ತಲೆಗೆ ಸುತ್ತುತ್ತಿದ್ದ ಪಟಗ ಮಾತ್ರ ಒಗೆಯದೆ ಕೊಟ್ಟಿಗೆಯ ಗೂಟದಲ್ಲೇ ಉಳಿಯಿತು. ಬೀಜ ಒಡೆಸುವ ಮುಂಚೆ ಅದರಿಂದಲೇ ಹೋತದ ತಲೆ ಒರೆಸುತ್ತಿದ್ದರು. ಆ ನಾತಕ್ಕೆ ನಾನದನ್ನು ಎಂದೂ ಮನೆಯೊಳಗೆ ಬಿಟ್ಟವಳಲ್ಲ.

ಅವರು ಬೆಳೆಸಿದ ಆಡುಗಳಲ್ಲಿ ಉಳಿದದ್ದು ಚಾಂದಣಿ ಒಂದೇ. ನಿಮ್ಮವರು ಎರಡು ಸಲ ಅಂದಾಜಿನ ಮೇಲೆ ನಳಿಕೆ ಹಾಕಿದರು, ಗಬ್ಬ ನಿಲ್ಲಲಿಲ್ಲ. ಮೈದುನ ಖಡಾಖಂಡಿತವಾಗಿ ಹೇಳಿದ: "ವೈನಿ, ದೀಪಾವಳಿ ತನಕಾ ನೋಡ್ತೀನಿ. ಆಮ್ಯಾಲ ಕಟುಕಗ ಕೊಡೂದ. ಬಂಜಿ ಆಡಿಗೆ ಎಷ್ಟ ದಿನ ಮೇವು ಹಾಕ್ತೀ?"

ಪಕ್ಕದ ಮನೆಯ ಮುದುಕಿ ಕೊಂಡಾಬಾಯಿ ಗೂಟದಲ್ಲಿದ್ದ ಪಟಗದ ಕಡೆ ಕೈ ತೋರಿಸಿದಳು. "ಅದನ್ನ ಅದರ ಮೂಗಿಗೆ ಹಿಡಿಯವ್ವಾ. ಭಿವಾ ಹೋದ್ರೂ ನಾತ ಹೋಗಿಲ್ಲ."

ದಿನಾ ಹಿಡಿದೆ. ಒಂದು ಶುಕ್ರವಾರ ಬೆಳಿಗ್ಗೆ ಚಾಂದಣಿ ಬಾಲ ಕುಣಿಸಿ, ಅರಚಿ, ಪಟಗಕ್ಕೆ ತಲೆ ಉಜ್ಜಿತು. ನಾನು ಅಲ್ಲೇ ಕುಳಿತುಬಿಟ್ಟೆ. ಆಮೇಲೆ ಎದ್ದು ನಿಮ್ಮ ಕಚೇರಿಗೆ ಫೋನ್ ಮಾಡಿದೆ.

"ಇವತ್ತ ಎಲ್ಲಾರೂ ಮೀಟಿಂಗಿಗೆ ಹೋಗ್ಯಾರ್ರೀ. ನಾಳೆ, ನಾಡಿದ್ದು ರಜಾ. ಸೋಮವಾರದ ತನಕಾ ತಡಕೋರಿ."

"ಆಡಿಗೆ ಹಂಗಂತ ಹೇಳ್ಲೇನ್ರೀ?"

"ನೀವ್ ಹೇಳಿದ್ರ ಕೇಳ್ತೈತಿ ಬಿಡ್ರಿ," ಎಂದು ನಕ್ಕು ಫೋನ್ ಇಟ್ಟರು.

ಬೆದೆ ಇರುವುದು ಹೆಚ್ಚೆಂದರೆ ಒಂದೂವರೆ ದಿನ. ಸೋಮವಾರ ನಿಮ್ಮವರು ಬಂದಾಗ ಚಾಂದಣಿ ಪಟಗದ ಕಡೆ ತಿರುಗಿಯೂ ನೋಡದೆ ಮೇಯುತ್ತಿತ್ತು. ಮುಂದಿನ ಬೆದೆಗೆ ಮೂರು ವಾರ, ದೀಪಾವಳಿಯೂ ಆಗಲೇ. ಅಷ್ಟರಲ್ಲಿ ಈ ವಾಸನೆ ಉಳಿಯುತ್ತದೆಯೇ? ತೆಗೆದಾಗಲೆಲ್ಲ ಒಂದಿಷ್ಟು ಕಡಿಮೆಯಾಗುತ್ತಿದೆ. ಪಟಗವನ್ನು ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ. ತೆಗೆಯಲು ಭಯ, ತೆಗೆಯದಿದ್ದರೆ ಬೆದೆ ತಿಳಿಯದು. ಅದರಲ್ಲಿ ಅವರ ಬೆವರೂ ಇದೆ. ದಿನವಿಡೀ ಕೊಟ್ಟಿಗೆಗೂ ಬಾಗಿಲಿಗೂ ತಿರುಗುತ್ತೇನೆ, ಕೂತಲ್ಲಿ ಕೂರಲಾಗದು.

ಪ್ರತಿ ವಾಡಿಗೆ ಬೀಜ ಒಡೆಯದ ಒಂದು ಹೋತ ಬಿಡಿ. ಹೊಟ್ಟೆಗೆ ಬಟ್ಟೆ ನಾವೇ ಕಟ್ಟುತ್ತೇವೆ. ಕರೆದ ದಿನವೇ, ರಜೆಯಿದ್ದರೂ, ನಳಿಕೆ ಹಿಡಿದು ಒಬ್ಬರು ಬರಲಿ. ಸದ್ಯಕ್ಕೆ ನಮ್ಮೂರಲ್ಲಿ ನಿಮ್ಮ ಯೋಜನೆ ನಡೆಯುತ್ತಿರುವುದು ಸತ್ತವರೊಬ್ಬರ ಪಟಗದ ಮೇಲೆ. ಅದೂ ಬಹಳ ದಿನ ತಾಳುವುದಿಲ್ಲ.

ಇಂತಿ,
ಸಂಸಾರ ಮಾಡಿದಷ್ಟು ಕಾಲವೂ ಬೈದ ನಾತವನ್ನೇ ಈಗ ಡಬ್ಬಿಯಲ್ಲಿಟ್ಟು ಕಾಯುತ್ತಿರುವ
ಅನಸೂಯಾ ಭಿವಾ ದೇವಕಾತೆ