ಹೂಂ ಅಂದವರ ಪಾಡು

ಮನೆಯಿಂದ,
ಮಾರ್ಚ್ ೧೪, ಗುರುವಾರ

ಪ್ರೀತಿಯ ‘ಇವರಿಗೆ’,

(ಮದುವೆಯಾಗಿ ಇಷ್ಟು ವರ್ಷವಾದರೂ ನಿಮ್ಮನ್ನು ಕರೆಯಲು ನನಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಕ್ಕಿಲ್ಲ.) ಹೇಗಿದ್ದೀರಿ? ಸೊಂಟನೋವು ಹೇಗಿದೆ? ಆ ಸೇತುವೆ ಕೆಲಸದ ಧೂಳಿನಲ್ಲಿ ಕೆಮ್ಮು ಕಡಿಮೆಯಾಯಿತೇ? ಬಿಸಿನೀರು ಕುಡಿಯುತ್ತೇನೆ ಎಂದು ಹೇಳಬೇಡಿ, ಕುಡಿಯಿರಿ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಮಗಳು ಪರೀಕ್ಷೆಗೆ ಓದುತ್ತಿದ್ದಾಳೆ, ಅಂದರೆ ಪುಸ್ತಕ ತೆರೆದಿಟ್ಟು ಕಿಟಕಿಯ ಹೊರಗೆ ನೋಡುತ್ತಿದ್ದಾಳೆ. ಅತ್ತೆಗೆ ಕಾಲುನೋವು ಬಿಟ್ಟರೆ ಇರುವುದು ಒಂದೇ ಚಿಂತೆ: “ಅವನು ಯಾವಾಗ ಬರ್ತಾನಂತೆ?” ನಾನೇನು ಹೇಳಲಿ? ಸೇತುವೆ ಮುಗಿಯಿತು, ಇನ್ನೊಂದು ಸೇತುವೆಗಾಗಿ ಎರಡು ವರ್ಷ ಅಲ್ಲೇ ಇರಿ ಎಂದು ಕಂಪನಿಯವರು ಕೇಳುತ್ತಿದ್ದಾರೆ ಅಂತ ಹೋದ ತಿಂಗಳು ಹೇಳಿದಿರಿ. ಈ ಶನಿವಾರದೊಳಗೆ ಸಹಿ ಹಾಕಬೇಕು ಅಂತಲೂ ಹೇಳಿದಿರಿ. ಆಮೇಲೆ ಮೌನವ್ರತ. ಭಾನುವಾರ ಫೋನಿನಲ್ಲಿ ಅಷ್ಟು ಹೊತ್ತು ಕಾಂಕ್ರೀಟಿನ ಪುರಾಣ ಹೇಳಿದಿರಿ, ಆ ವಿಷಯ ಮಾತ್ರ ಎತ್ತಲಿಲ್ಲ. ಕೊನೆಗೆ ಅದೇಕೋ ಸಪ್ಪಗೆ “ಆಯ್ತು ಬಿಡು” ಎಂದು ಫೋನಿಟ್ಟಿರಿ. ನನಗೆ ಸಿಟ್ಟು ಬಂದಿದೆ. ಬರುತ್ತೇನೆ ಎಂಬ ಮಾತು ನಿಮ್ಮ ಬಾಯಿಂದಲೇ ಬರಲಿ ಎಂದು ಕಾಯುತ್ತಿದ್ದೇನೆ. ಬನ್ನಿ ಎಂದು ನಾನು ಬಾಯಿಬಿಟ್ಟು ಹೇಳಲೇಬೇಕೇ? ಹೇಳುವುದಿಲ್ಲ, ಹೋಗಿ.

ಇರಲಿ, ನನ್ನ ಕೆಲಸದ ಸುದ್ದಿ ಕೇಳಿ. ಮ್ಯಾನೇಜರುಗಳು ತರಬೇತಿಯಲ್ಲಿ ಹೇಗೆ ಕಲಿಯುತ್ತಾರೆ ಎಂಬುದು ನನ್ನ ಸಂಶೋಧನೆ ಎಂದರೆ ಜನರೆಲ್ಲ “ಕಲೀತಾರಾ?” ಎಂದೇ ಕೇಳುತ್ತಾರೆ. ಈ ಸಲ ನನ್ನ ಪಾಲಿಗೆ ಬಂದವರು ಒಂದು ಸೋಪಿನ ಕಾರ್ಖಾನೆಯ ಮ್ಯಾನೇಜರು. ಕೆಲಸಗಾರರು ಬೆನ್ನ ಹಿಂದೆ ಅವರನ್ನು ಗುಡುಗಪ್ಪ ಎನ್ನುತ್ತಾರೆ. ಎದುರಿನವರು ಬಾಯಿ ತೆರೆಯುವ ಮೊದಲೇ “ಆಗಲ್ಲ” ಎನ್ನುವ ಆಸಾಮಿ. ಇವರನ್ನು ತಿದ್ದಲು ಕಂಪನಿ ತರಬೇತಿಗೆ ಕಳಿಸಿತು, ನಾನು ಹಿಂದಿನ ಸಾಲಿನಲ್ಲಿ ಕೂತು ನೋಡಿದೆ. ಸೆಕೆಯಲ್ಲೂ ಕೋಟು ಬಿಚ್ಚದ ಒಬ್ಬ ಮೇಷ್ಟ್ರು ಕೇಳಿಸಿಕೊಳ್ಳುವ ಕಲೆ ಹೇಳಿಕೊಟ್ಟರು. ಮಧ್ಯೆ ಬಾಯಿ ಹಾಕಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು, ತಲೆಯಾಡಿಸಬೇಕು, ಆಗಾಗ “ಹೂಂ” ಅನ್ನಬೇಕು. ಇಷ್ಟೇ ವಿದ್ಯೆ. ಕೋಣೆ ತುಂಬ ಮ್ಯಾನೇಜರುಗಳು ಜೋಡಿ ಜೋಡಿಯಾಗಿ ಕೂತು ಹೂಂಗುಟ್ಟುತ್ತಿದ್ದರೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗಿತ್ತು. ಗುಡುಗಪ್ಪನವರ ಮೊದಲ ಹೂಂ ಕೇಳಿ ಪಕ್ಕದವರು ಕುರ್ಚಿ ಹಿಂದಕ್ಕೆ ಎಳೆದುಕೊಂಡರು. ಆದರೆ ಛಲಗಾರ ಮನುಷ್ಯ. ತರಬೇತಿ ಮುಗಿಯುವ ಹೊತ್ತಿಗೆ ಮಗು ಮಲಗಿಸುವವರಷ್ಟು ಮೆತ್ತಗೆ ಹೂಂ ಅನ್ನುತ್ತಿದ್ದರು.

ಹೋದ ಶುಕ್ರವಾರ ಅವರು ಕಾರ್ಖಾನೆಗೆ ಮರಳಿದರು. ಕಲಿತದ್ದು ಎಷ್ಟು ಉಳಿದಿದೆ ಎಂದು ನೋಡಲು ನಾನು ಅವರ ಕೋಣೆಯ ಮೂಲೆಯಲ್ಲಿ ಕೂತೆ. ಪ್ಯಾಕಿಂಗ್ ವಿಭಾಗದ ಹೆಂಗಸು ಬಂದು ಸೋಮವಾರ ತಂಗಿಯ ಮನೆಗೆ ಹೋಗಬೇಕಿತ್ತು ಅಂದಳು. ಹೂಂ. ಅವಳ ಹಿಂದೆ ಇನ್ನೊಬ್ಬಳಿಗೂ, ಆಮೇಲೆ ಆ ವಿಭಾಗದ ಉಳಿದವರಿಗೂ ಸೋಮವಾರವೇ ರಜೆ ಬೇಕಿತ್ತು. ಹೂಂ. ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಕಾವಲುಗಾರನಿಗೆ ತನ್ನ ನಾಯಿಯನ್ನು ಒಳಗೆ ನೆರಳಿಗೆ ಬಿಡಬೇಕಿತ್ತು, ಅಡುಗೆಯವನಿಗೆ ಊಟದ ಬೆಂಚುಗಳನ್ನು ಮರದಡಿಗೆ ಸಾಗಿಸಬೇಕಿತ್ತು, ಲೆಕ್ಕದವನಿಗೆ ಮ್ಯಾನೇಜರ ಫ್ಯಾನೇ ಬೇಕಿತ್ತು. ಎಲ್ಲರಿಗೂ ಕಣ್ಣಲ್ಲಿ ಕಣ್ಣಿಟ್ಟು, ತಲೆಯಾಡಿಸಿ, ಮೆತ್ತನೆಯ ಹೂಂ.

ಸೋಮವಾರ ಹೋಗಿ ನೋಡಿದರೆ ಪ್ಯಾಕಿಂಗ್ ವಿಭಾಗದಲ್ಲಿ ನರಪಿಳ್ಳೆಯಿಲ್ಲ. ಯಂತ್ರದಿಂದ ಸೋಪು ದಬದಬನೆ ಉರುಳುತ್ತಿದೆ, ಗುಡುಗಪ್ಪನವರು ಟೈಯನ್ನು ಹೆಗಲಿಗೆ ಎಸೆದುಕೊಂಡು ಒಬ್ಬರೇ ಕವರಿಗೆ ತುಂಬುತ್ತಿದ್ದಾರೆ, ಕಾಲಬುಡದಲ್ಲಿ ನಾಯಿ. ಕೋಣೆಯಲ್ಲಿ ಫ್ಯಾನಿಲ್ಲ. “ಯಾರ್ರೀ ಇವ್ರಿಗೆಲ್ಲ ರಜೆ ಕೊಟ್ಟಿದ್ದು?” ಎಂದು ಅವರು ಗುಡುಗಿದರೆ ಲೆಕ್ಕದವನು ತಣ್ಣಗೆ “ನೀವೇ ಹೂಂ ಅಂದ್ರಲ್ಲ ಸರ್” ಅಂದ. ನೋಡಿ ಎಡವಟ್ಟು! ಕೇಳುತ್ತಿದ್ದೇನೆ ಅನ್ನುವುದಕ್ಕೂ ನಮ್ಮಲ್ಲಿ ಹೂಂ, ಒಪ್ಪಿದೆ ಅನ್ನುವುದಕ್ಕೂ ಅದೇ ಹೂಂ. ಕೋಟು ಮೇಷ್ಟ್ರಿಗೆ ಇದು ಹೊಳೆದೇ ಇರಲಿಲ್ಲ. ಆ ದಿನ ನಾನೂ ಸೆರಗು ಬಿಗಿದು ಸೋಪು ತುಂಬಿದೆ. ಕೈ ಇನ್ನೂ ಘಮಘಮ ಅನ್ನುತ್ತಿದೆ, ಅತ್ತೆ ಅನುಮಾನದಿಂದ ಮೂಸಿ ನೋಡುತ್ತಾರೆ.

ಮಂಗಳವಾರ ಅವರು ಎಲ್ಲರನ್ನೂ ಸೇರಿಸಿದರು. ಇವತ್ತು ಸಿಡಿಲೇ ಬೀಳುತ್ತದೆ ಅಂದುಕೊಂಡೆ. ಅವರು ಗಂಟಲು ಸರಿಮಾಡಿಕೊಂಡು, “ನಾನು ಹೂಂ ಅಂದ್ರೆ ಕೇಳಿಸ್ತು ಅಂತ. ಆಗ್ಲಿ ಅಂದ್ರೆ ಮಾತ್ರ ಆಗ್ಲಿ” ಅಂದರು. ಆಮೇಲೆ ಒಬ್ಬೊಬ್ಬರ ಮಾತನ್ನೂ ನಿಜವಾಗಿ ಕೇಳಿದರು. ಬೆಂಚು ಮರದಡಿಗೆ ಹೋಯಿತು, ಫ್ಯಾನು ವಾಪಸು ಬಂತು, ನಾಯಿ ಉಳಿಯಿತು. ತರಬೇತಿಯಲ್ಲಿ ಅವರಿಗೆ ಸಿಕ್ಕಿದ್ದು ಬರೀ ಸದ್ದು, ಬುದ್ಧಿ ಸಿಕ್ಕಿದ್ದು ಸೋಪು ತುಂಬುವಾಗ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುವುದನ್ನೇ ನಾನು ಪ್ರಬಂಧದಲ್ಲಿ ದೊಡ್ಡ ದೊಡ್ಡ ಮಾತಿನಲ್ಲಿ ಬರೆಯಬೇಕು. ನಮ್ಮ ಪ್ರೊಫೆಸರಿಗೆ ಇದನ್ನು ವಿವರಿಸಿದೆ. “ಹೂಂ” ಅಂದರು. ಯಾವ ಹೂಂ ಅಂತ ಇನ್ನೂ ಗೊತ್ತಾಗಿಲ್ಲ.

ಅತ್ತೆಯ ಆಶೀರ್ವಾದ ನಿಮ್ಮ ಮೇಲಿದೆ, ಮಗಳ ನಮಸ್ಕಾರ ಕಿಟಕಿಯ ಕಡೆಯಿಂದ. ನನ್ನದು ಸದ್ಯಕ್ಕೆ ಸಿಟ್ಟು ಮಾತ್ರ.

ನಿಮ್ಮ
‘ಇವಳು’

ತಾ. ಕ.: ರೀ, ಪತ್ರ ಅಂಟಿಸುವಷ್ಟರಲ್ಲಿ ಮಗಳು ಬಂದು ಎದೆ ಧಸಕ್ಕೆನ್ನುವ ಸುದ್ದಿ ಹೇಳಿದಳು. ಭಾನುವಾರ ನಾನು ಫೋನನ್ನು ಸ್ಪೀಕರಿಗೆ ಹಾಕಿ, ಗುಡುಗಪ್ಪನವರು ಶುಕ್ರವಾರ ಎಷ್ಟು ಸಲ ಹೂಂ ಅಂದರು ಎಂದು ಎಣಿಸುತ್ತಾ ಕೂತಿದ್ದೆ. ಆಗ ನೀವು “ಹಾಗಾದ್ರೆ ಇನ್ನೆರಡು ವರ್ಷ ಇಲ್ಲೇ ಇದ್ದುಬಿಡ್ಲಾ?” ಎಂದು ಕೇಳಿದಿರಂತೆ. ನಾನು “ಹೂಂ” ಅಂದೆನಂತೆ. ಅದೂ ಮೆತ್ತಗೆ! ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಅದು ಒಪ್ಪಿದ ಹೂಂ ಅಲ್ಲ, ಕೇಳಿಸಿಕೊಂಡ ಹೂಂ ಕೂಡ ಅಲ್ಲ. ದಯವಿಟ್ಟು ಸಹಿ ಹಾಕಬೇಡಿ. ಭಾನುವಾರ ಬಿಟ್ಟರೆ ನಿಮ್ಮ ಕಡೆ ಫೋನು ಸಿಗುವುದಿಲ್ಲ, ಅದಕ್ಕೇ ನಿಮ್ಮಲ್ಲಿಗೆ ಸಿಮೆಂಟು ತರುವ ಲಾರಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ, ನಾಳೆ ಸಂಜೆಗೆ ಮುಟ್ಟುತ್ತದೆ. ಬಾಗಿಲಲ್ಲೇ ನಿಂತಿದ್ದಾನೆ. “ಅವರ ಕೈಗೇ ಕೊಡ್ತೀಯೇನಪ್ಪಾ?” ಅಂದರೆ ಅವನೂ “ಹೂಂ” ಅಂದ. ಬಿಡಲಿಲ್ಲ, “ಕೊಡ್ತೀನಿ ಅಕ್ಕಾ” ಎಂದು ಬಾಯಿಬಿಟ್ಟು ಹೇಳಿಸಿದೆ. ಈಗ ನನ್ನ ಸರದಿ. ಬಾಯಿಬಿಟ್ಟೇ ಹೇಳುತ್ತಿದ್ದೇನೆ: ನೀವಿಲ್ಲದೆ ನನಗೆ ಆಗುವುದಿಲ್ಲ, ಮನೆಗೆ ಬನ್ನಿ.