ನಿಮ್ಮ ಸರದಿ

ರೀ, ಕೇಳಿ ಇಲ್ಲಿ,

ಒಂದೇ ಮನೆಯಲ್ಲಿದ್ದುಕೊಂಡು ಇವಳಿಗೇನು ಬಂತು ಪತ್ರ ಬರೆಯುವ ಹುಚ್ಚು ಎಂದು ನಗಬೇಡಿ. ಎದುರು ಕೂತು ಹೇಳಹೊರಟರೆ ನೀವು ತಮಾಷೆ ಮಾಡಿ ಮಾತು ತೇಲಿಸಿಬಿಡುತ್ತೀರಿ. ಅದಕ್ಕೇ ಈ ಭಾನುವಾರ, ಯಾರೂ ಇಲ್ಲದ ನನ್ನ ಹೊಸ ಕ್ಲಿನಿಕ್ಕಿನಲ್ಲಿ ಕೂತು ಬರೆಯುತ್ತಿದ್ದೇನೆ. ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ನಿನ್ನೆ ಬಂದವರು ಕೊಟ್ಟ ಹೂಗುಚ್ಛಗಳಿಗೆ ಜಾಗ ಸಾಲದೆ ಸಿಂಕಿನಲ್ಲಿ ನಿಲ್ಲಿಸಿದ್ದೇನೆ.

ಈ ದೇಶಕ್ಕೆ ಬಂದ ಹೊಸದರಲ್ಲಿ ನಮ್ಮನ್ನು ಮಾತಾಡಿಸುವವರು ಒಬ್ಬರೂ ಇರಲಿಲ್ಲ. ನಾನು ಹಲ್ಲಿನ ಡಾಕ್ಟರು, ನೀವು ಶಾಲೆ, ಮನೆಗಳ ನಕ್ಷೆ ಬರೆಯುತ್ತಿದ್ದವರು. ಇಲ್ಲಿನ ಪರೀಕ್ಷೆ ಪಾಸಾಗುವ ತನಕ ಇಬ್ಬರೂ ಯಾರೂ ಅಲ್ಲ. ಒಟ್ಟಿಗೇ ಇಬ್ಬರೂ ಓದಲು ಕೂತರೆ ಮಗುವನ್ನು ನೋಡಿಕೊಳ್ಳುವವರು ಯಾರು? ‘ಮೊದ್ಲು ನೀನು ಪಾಸಾಗು, ಆಮೇಲೆ ನಾನು’ ಎಂದಿರಿ. ಹಲ್ಲು ಕಟ್ಟುವ ಲ್ಯಾಬಿನ ವ್ಯಾನು ಓಡಿಸುವ ಕೆಲಸ ಹಿಡಿದಿರಿ. ಕ್ಲಿನಿಕ್ಕುಗಳಿಂದ ರೋಗಿಗಳ ಹಲ್ಲಿನ ಅಚ್ಚು ತರುವುದು, ತಯಾರಾದ ಹಲ್ಲುಸೆಟ್ಟು ತಲುಪಿಸುವುದು. ‘ಊರಿನ ಅರ್ಧ ಜನರ ಹಲ್ಲು ನನ್ನ ವ್ಯಾನಲ್ಲೇ ಓಡಾಡ್ತವೆ ಕಣೇ’ ಎಂದು ಮಗಳನ್ನೂ ನನ್ನನ್ನೂ ನಗಿಸುತ್ತಿದ್ದಿರಿ.

ನಾನು ಕಂಡಕಂಡಲ್ಲಿಗೆಲ್ಲ ಅರ್ಜಿ ಹಾಕಿ ಸೋತಿದ್ದೆ. ನೀವು ಮಾತ್ರ ಹೋದ ಕಡೆಯಲ್ಲೆಲ್ಲ ಎರಡು ಮಾತಾಡಿಯೇ ಬರುತ್ತಿದ್ದಿರಿ. ಯಾವ ಡಾಕ್ಟರಿಗೆ ಸೊಂಟನೋವು, ಯಾವ ಕ್ಲಿನಿಕ್ಕಿನ ಸಹಾಯಕಿ ಹೆರಿಗೆಗೆ ಹೋಗುತ್ತಾಳೆ, ಎಲ್ಲ ನಿಮಗೆ ಗೊತ್ತು. ಬೇಕರಿ ಪಕ್ಕದ ಕ್ಲಿನಿಕ್ಕಿನ ಹಿರಿಯ ಡಾಕ್ಟರಮ್ಮನ ಬಳಿಗೆ ಹೋಗೆಂದಾಗ ನಾನು ರೇಗಿದ್ದೆ, ‘ನಾನೇನು ಭಿಕ್ಷೆ ಬೇಡ್ಲಾ?’ ಎಂದು.

‘ಪರಿಚಯ ಮಾಡ್ಕೊಳ್ಳೋದು ಭಿಕ್ಷೆ ಏನೇ? ಕೆಲ್ಸ ಕೇಳ್ಬೇಡ. ಒಂದು ಮಧ್ಯಾಹ್ನ ಪಕ್ಕದಲ್ಲಿ ನಿಂತು ನೋಡ್ತೀನಿ ಅನ್ನು. ಅವ್ರಿಗೆ ನಿನ್ ಮುಖ ಗೊತ್ತಿಲ್ಲ, ಅಷ್ಟೇ.’

ಹೋದೆ. ನಿಂತು ನೋಡಿದೆ. ಮರುವಾರವೂ ಬಾ ಎಂದರು. ಆಕೆ ಇನ್ನೊಬ್ಬರಿಗೆ ಹೇಳಿದರು, ಅವರು ಮತ್ತೊಬ್ಬರಿಗೆ. ಪರೀಕ್ಷೆ, ಕೆಲಸ, ಈಗ ಈ ಕ್ಲಿನಿಕ್ಕು, ಎಲ್ಲ ಹಾಗೇ ಕೂಡಿಬಂತು. ನಿಮ್ಮ ಓದಿನ ಮಾತೆತ್ತಿದಾಗಲೆಲ್ಲ ‘ಮುಂದಿನ ವರ್ಷ ನೋಡೋಣ’ ಎಂದಿರಿ. ವ್ಯಾನು ನಿಮಗೆ ಒಗ್ಗಿಹೋಗಿದೆ ಎಂದುಕೊಂಡೆ.

ನಿನ್ನೆ ಉದ್ಘಾಟನೆಗೆ ಬಂದವರಲ್ಲಿ ಕೋಲೂರಿಕೊಂಡು ಬಂದ ಆ ಮುದುಕರನ್ನು ನಾನು ರೋಗಿಯೆಂದೇ ಎಣಿಸಿದ್ದೆ. ‘ನಿಮ್ಮ ಯಜಮಾನ್ರು ಎಲ್ಲಿ? ಅವ್ರನ್ನ ನೋಡೋಕೆ ಬಂದೆ’ ಎಂದರು. ನೀವು ಅಚ್ಚು ತರುತ್ತಿದ್ದ ಯಾವುದೋ ಕ್ಲಿನಿಕ್ಕಿಗೆ ಹಿಂದೊಮ್ಮೆ ಇವರೇ ನಕ್ಷೆ ಬರೆದು ಹೊಸ ಕೋಣೆ ಕಟ್ಟಿಸುತ್ತಿದ್ದರಂತೆ. ಕಿಟಕಿ ಎಲ್ಲಿರಬೇಕೆಂದು ನೀವಿಬ್ಬರೂ ನಕ್ಷೆ ಹರಡಿಕೊಂಡು ಮಾತಿಗಿಳಿದು, ವ್ಯಾನಿನಲ್ಲಿ ಹಲ್ಲು ಕಾಯುತ್ತಿರುವುದೇ ನಿಮಗೆ ಮರೆತುಹೋಗಿತ್ತಂತೆ. ನಕ್ಷೆ ಬರೆಯುವ ತಮ್ಮ ಆಫೀಸಿಗೆ ಬಂದು ಸೇರಿ, ಸೋಮವಾರವೇ ಬನ್ನಿ ಎಂದು ಅವರು ಕರೆದರಂತೆ.

‘ಹೆಂಡತಿಗೆ ಬೇರೆ ಊರಲ್ಲಿ ಪರೀಕ್ಷೆ, ಮಗು ಚಿಕ್ಕದು, ಈಗ ಆಗಲ್ಲ ಅಂದ್ರು. ಆ ಜಾಗಕ್ಕೆ ಬೇರೆಯವ್ರು ಬಂದ್ರು. ನಾನು ಇನ್ನೊಂದ್ಸಲ ಕೇಳ್ಬೇಕಿತ್ತಮ್ಮಾ. ಕೇಳ್ಲಿಲ್ಲ. ಈಗ ಆಫೀಸೇ ಮುಚ್ಚಿದೀನಿ.’

ನಾನು ನಿಮ್ಮನ್ನು ಹುಡುಕಿ ಸುತ್ತ ನೋಡಿದೆ. ಒಳಗೆ ತುಂಬಿದ್ದವರೆಲ್ಲ ನೀವು ಹುಡುಕಿ ಕೊಟ್ಟ ಜನ. ಎಲ್ಲರೂ ನನ್ನ ಕೈಕುಲುಕುತ್ತಿದ್ದರು. ಕಿಟಕಿಯಿಂದ ನೋಡಿದರೆ ನೀವು ಹೊರಗೆ, ಯಾರದೋ ಕಾರು ಹಿಂದಕ್ಕೆ ತೆಗೆಯಲು ಕೈಬೀಸಿ ದಾರಿ ತೋರಿಸುತ್ತಿದ್ದಿರಿ. ನೀವು ನಕ್ಷೆ ಬರೆಯುತ್ತಿದ್ದವರೆಂದು ಆ ಮುದುಕರನ್ನು ಬಿಟ್ಟರೆ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮನೆಗೆ ಬರುವಾಗ ಕೇಳಿದೆ. ‘ಅಯ್ಯೋ, ಹಳೇ ಕಥೆ. ಬಿಡು’ ಎಂದು ಗೇರು ಬದಲಿಸಿದಿರಿ.

ಬಿಡಲಾಗುತ್ತಿಲ್ಲ ರೀ. ಕಳೆದ ವರ್ಷಗಳನ್ನು ಹಿಂದಕ್ಕೆ ತರಲು ನನ್ನಿಂದಾಗದು. ಆ ಮುದುಕರಿಂದಲೂ ಆಗದು. ಅವತ್ತೇ ಹೇಳಿದ್ದರೆ ಇಬ್ಬರೂ ಸೇರಿ ಬೇರೇನಾದರೂ ದಾರಿ ನೋಡುತ್ತಿದ್ದೆವೋ ಏನೋ. ನೋಡುವ ಅವಕಾಶವೇ ನನಗೆ ಸಿಗಲಿಲ್ಲವಲ್ಲ, ಅದೇ ಸಂಕಟ. ಆಗುವುದಿಲ್ಲವೆಂದು ಹೇಳಿ ವ್ಯಾನಿಗೆ ಬಂದು ಕೂತಾಗ ನಿಮಗೆ ಏನನಿಸಿತು? ಅದನ್ನೊಂದು ಹೇಳಿ, ಸಾಕು. ನಗಿಸಬೇಡಿ. ನಾನು ನಡುವೆ ಬಾಯಿ ಹಾಕುವುದಿಲ್ಲ.

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ನನಗಿಂತ ಒಂದು ಕೈ ಹೆಚ್ಚಾಗಿಯೇ.

ಸಂಜೆ ಮನೆಯಲ್ಲಿ ಕಾಯುವ,
ನಿಮ್ಮ ಡಾಕ್ಟ್ರಮ್ಮ